ಯಾಕೆ ಸುಮ್ಮನಿದ್ದೀ ಎಂದು ಕೇಳಬಾರದು

ಅಕ್ಕನ ಬಾಯಿ ಮುಚ್ಚಿಸುವ ಶಕ್ತಿ ಈ ಭೂಮಿಯ ಮೇಲೆ ಇದ್ದದ್ದು ಹೇರ್‌ಪಿನ್ನುಗಳಿಗೆ ಮಾತ್ರ. ಗಿರಾಕಿಯ ಕೂದಲು ಸುತ್ತಿ ಗಂಟು ಕಟ್ಟುವಾಗ ಅವಳು ಪಿನ್ನುಗಳನ್ನು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಳ್ಳುತ್ತಿದ್ದಳು. ಆಗ ಮಾತ್ರ ಆ ಕಟ್ಟಡದ ಕೆಳ ಅಂತಸ್ತಿನ ಪಾರ್ಲರಿನಲ್ಲಿ ಫ್ಯಾನು ತಿರುಗುವ ಸದ್ದು ಕೇಳಿಸುತ್ತಿತ್ತು. ಉಳಿದ ಹೊತ್ತೆಲ್ಲ ಕತ್ತರಿಗಿಂತ ನಾಲಿಗೆಯೇ ಮುಂದು.

ಪಾರ್ಲರಿನ ಮೇಲಿನ ಎರಡು ಕೋಣೆಗಳಲ್ಲಿ ತಂಗಿಯ ವಾಸ. ನಲವತ್ತು ದಾಟಿದ ಒಂಟಿ ಹೆಂಗಸು. ಮದುವೆಯ ಮಾತೆತ್ತುತ್ತಿದ್ದ ನೆಂಟರೆಲ್ಲ ಒಬ್ಬೊಬ್ಬರಾಗಿ ಸುಸ್ತಾಗಿ ಕೈಬಿಟ್ಟಿದ್ದರು. ಅಕ್ಕ ಮಾತ್ರ ಯಾವುದನ್ನೂ ಕೈಬಿಡುವವಳಲ್ಲ. ಸಂಜೆ ತಂಗಿ ಮೆಟ್ಟಿಲು ಹತ್ತುವ ಸದ್ದಾದರೆ ಸಾಕು, ಕೆಳಗಿನಿಂದ ಶುರು:

"ಬಂದ್ಯಾ? ಬಂದಿರ್ತೀಯ. ಊಟ ಮಾಡಿದ್ಯಾ ಮಧ್ಯಾಹ್ನ? ಮಾಡಿರಲ್ಲ ಬಿಡು, ಡಬ್ಬಿ ಹಂಗೇ ವಾಪಸ್ ಬಂದಿರುತ್ತೆ. ಯಾಕೆ, ಹಸಿವಿಲ್ವಾ? ಹಸಿವು ಎಲ್ಲಿಂದ ಬರಬೇಕು ನಿಂಗೆ."

ಹೀಗೆ ತಂಗಿಯ ಪಾತ್ರವನ್ನೂ ಅಕ್ಕನೇ ಅಭಿನಯಿಸಿ ಮುಗಿಸುವಷ್ಟರಲ್ಲಿ ತಂಗಿ ಬಾಗಿಲು ತೆರೆದು ಒಳಗೆ ಹೋಗಿರುತ್ತಿದ್ದಳು. ಇಬ್ಬರಿಗೂ ಅದು ಅನುಕೂಲವಾಗಿಯೇ ಇತ್ತು.

ತಂಗಿಯ ಕೆಲಸ ಆಸ್ಪತ್ರೆಯೊಂದರಲ್ಲಿ ಕಿವಿ ಪರೀಕ್ಷೆ ಮಾಡುವುದು. ಹೊರಗಿನ ಸದ್ದು ನುಸುಳದಂತೆ ಗೋಡೆಗೆ ಮೆತ್ತೆ ಹೊಡೆದ ಪುಟ್ಟ ಕೋಣೆ. ಒಳಗೆ ಕುರ್ಚಿಯಲ್ಲಿ ರೋಗಿ, ತಲೆಗೆ ಹೆಡ್‌ಫೋನು, ಕೈಯಲ್ಲೊಂದು ಬಟನ್ನು. ಗಾಜಿನ ಈಚೆ ತಂಗಿ. ಅವಳು ಒಂದೊಂದೇ ಸ್ವರವನ್ನು ಮೆಲ್ಲಗೆ, ಇನ್ನೂ ಮೆಲ್ಲಗೆ, ಇರುವೆ ನಡೆದಂತೆ ಬಿಡುತ್ತ ಹೋಗುತ್ತಾಳೆ. ಕೇಳಿಸಿದಾಗ ರೋಗಿ ಬಟನ್ನು ಒತ್ತಬೇಕು. ಆದರೆ ಸ್ವರಗಳನ್ನು ತಾಳ ಹಾಕಿದಂತೆ ಬಿಡಬಾರದು. ತಾಳ ಸಿಕ್ಕಿದ ರೋಗಿ ಕಿವಿಯಿಂದಲ್ಲ, ಅಂದಾಜಿನಿಂದ ಒತ್ತುತ್ತಾನೆ. ಅದಕ್ಕಾಗಿ ನಡುನಡುವೆ ಏನನ್ನೂ ಬಿಡದೆ ಸುಮ್ಮನೆ ಕಾಯಬೇಕು. ಕೆಲವರು ಆ ನಿಶ್ಶಬ್ದದಲ್ಲೂ ಒತ್ತಿಬಿಡುತ್ತಾರೆ. "ಈಗ ನಾನೇನೂ ಬಿಟ್ಟಿರಲಿಲ್ಲ" ಎಂದರೆ, "ಏನೋ ಕೇಳಿಸಿದ ಹಾಗಾಯ್ತು ಮೇಡಂ" ಎಂದು ನಾಚಿಕೊಳ್ಳುತ್ತಾರೆ. ಅಂಥವರ ಪರೀಕ್ಷೆ ಮತ್ತೆ ಮೊದಲಿನಿಂದ.

ಕಾಯುವುದನ್ನು ಅವಳು ಕಲಿತದ್ದು ಅಜ್ಜಿಯ ಹತ್ತಿರ. ಅಜ್ಜಿ ದಿನವೂ ಸಂಜೆ ಪ್ರಾರ್ಥನೆ ಮುಗಿಸಿ ಹಳೆಯ ಕಥೆಯ ಪದ್ಯಗಳನ್ನು ಹಾಡಿ ಅರ್ಥ ಹೇಳುತ್ತಿದ್ದಳು. ಒಂದು ಪದ್ಯ ಮುಗಿದರೆ ನಿಲ್ಲುತ್ತಿದ್ದಳು. ಕೇಳುವವರು 'ಹೂಂ' ಎನ್ನದೆ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ಅಕ್ಕ ಹೂಂಗುಟ್ಟುವ ಬದಲು ಕಥೆಯ ಕೊನೆಯನ್ನೇ ಮೊದಲು ಹೇಳಿಬಿಡುತ್ತಿದ್ದಳು. ಹಾಗಾಗಿ ಹೂಂಗುಟ್ಟುವ ಹುದ್ದೆ ತಂಗಿಗೆ ಕಾಯಂ ಆಯಿತು. ಆ ಮನೆಯಲ್ಲಿ ಅವಳ ಮೌನಕ್ಕೆ ಬೆಲೆ ಇದ್ದದ್ದು ಅಜ್ಜಿಯ ಮಣೆಯ ಮುಂದೆ ಮಾತ್ರ. ಬೇರೆಲ್ಲಿ ಹೋದರೂ ಒಂದೇ ಪಲ್ಲವಿ. ಶಾಲೆಯಲ್ಲಿ, ನೆಂಟರ ಮನೆಯಲ್ಲಿ, ಯಾರದೋ ಮಗುವಿನ ಹುಟ್ಟುಹಬ್ಬದಲ್ಲಿ, ಆಮೇಲೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ: "ಯಾಕೆ ಸುಮ್ಮನಿದ್ದೀ?" ಕೇಳಿದವರು ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. ಅದು ಪ್ರಶ್ನೆಯೇ ಅಲ್ಲ, ಬೆರಳಿಂದ ತಿವಿದಂತೆ.

ಕೆಲವು ವರ್ಷಗಳ ಹಿಂದೆ ಅವಳು ಧೈರ್ಯ ಮಾಡಿ ಮನೋವೈದ್ಯೆಯೊಬ್ಬರ ಬಳಿ ಹೋಗಿಬಂದಳು. ಆಕೆ ಹಲವು ಪರೀಕ್ಷೆ ಮಾಡಿ ಹೇಳಿದ್ದು: ನಿಮ್ಮ ಮಿದುಳು ನಡೆಯುವ ದಾರಿಯೇ ಬೇರೆ, ಇದಕ್ಕೆ ಆಟಿಸಂ ಎನ್ನುತ್ತೇವೆ, ಜೊತೆಗೆ ಬುದ್ಧಿ ಮಾಮೂಲಿಗಿಂತ ಬಹಳ ಚುರುಕು, ಎರಡೂ ಸೇರಿದವರು ತುಂಬ ದಣಿಯುತ್ತಾರೆ.

ಅಕ್ಕನಿಗೆ ಇದನ್ನು ಹೇಳಿದಾಗ ಅಕ್ಕ ಕತ್ತರಿ ಒರೆಸುತ್ತಿದ್ದಳು. "ಇದನ್ನ ಹೇಳಿಸ್ಕೊಳ್ಳೋಕೆ ಫೀಸು ಕೊಟ್ಟು ಬಂದ್ಯಾ? ನನ್ನ ಕೇಳಿದ್ರೆ ಬಿಟ್ಟಿ ಹೇಳ್ತಿದ್ದೆ, ನೀನು ಒಂಥರಾ ಅಂತ."

ಒಂಥರಾ ಇರುವವರು ಲೋಕದಲ್ಲಿ ಇನ್ನೆಷ್ಟು ಜನರಿದ್ದಾರೋ ಎಂದು ತಂಗಿ ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಗುಂಪುಗಳು ಬೇಕಾದಷ್ಟಿದ್ದವು. ಸೇರಿದ ಕೂಡಲೇ "ನಿಮ್ಮ ಬಗ್ಗೆ ಹೇಳಿ" ಎನ್ನುತ್ತಿದ್ದರು, ಹೇಳದಿದ್ದರೆ "ಯಾಕೆ ಸುಮ್ಮನಿದ್ದೀರಿ, ನಾಚಿಕೆನಾ?" ಎಂದು ನಗುವ ಮುಖ ಕಳಿಸುತ್ತಿದ್ದರು. ಅಲ್ಲೂ ಅದೇ ಪಲ್ಲವಿ. ಕೊನೆಗೆ ಅವಳು ತನ್ನದೇ ಗುಂಪು ಕಟ್ಟಿದಳು. ಹೆಸರು ಚಿಪ್ಪು. ಅಲ್ಲಿ ಎಲ್ಲರಿಗೂ ಅಡ್ಡಹೆಸರು, ಅವಳದು ಆಮೆ. ನಿಯಮ ಒಂದೇ: ಸುಮ್ಮನಿರುವವರನ್ನು ಯಾಕೆ ಸುಮ್ಮನಿದ್ದೀರಿ ಎಂದು ಕೇಳಬಾರದು.

"ಚಿಪ್ಪಾ?" ಎಂದಳು ಅಕ್ಕ. "ಹೆಸರಲ್ಲೇ ಹೇಳಿಬಿಟ್ಟಿದ್ದೀಯಲ್ಲೇ ಕೊನೆಗೆ ಕೈಗೆ ಏನು ಬರುತ್ತೆ ಅಂತ."

ಆದರೆ ಜನ ಬಂದರು. ದಪ್ಪ ಪುಸ್ತಕವನ್ನು ಒಂದೇ ಪಟ್ಟಿಗೆ ಓದಿ ಮುಗಿಸಿ, ಫೋನು ರಿಂಗಾದರೆ ದಿಂಬಿನ ಕೆಳಗೆ ಅಡಗಿಸುವವರು. ನಕ್ಷತ್ರಗಳ ಹೆಸರೆಲ್ಲ ಬಾಯಲ್ಲಿದ್ದು ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದವರು. ಹೊಸ ಭಾಷೆ ಕಲಿಯುತ್ತ ಕೂತು ಒಲೆಯ ಮೇಲಿನ ಹಾಲು ಉಕ್ಕಿಸುವವರು. ನಿಯಮ ಓದಿ ಹಲವರು ಅತ್ತರಂತೆ. ಹುಟ್ಟಿದಾರಭ್ಯ ಯಾರೂ ತಮಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ ಎಂದು ಬರೆದರು. ಬರೆದು ಸುಮ್ಮನಾದರು. ಯಾರೂ ಕೇಳಲಿಲ್ಲ. ಚಿಪ್ಪು ಬೆಳೆಯಿತು.

ಬೆಳೆದ ಗುಂಪಿಗೆ ಮೇಲ್ವಿಚಾರಕ ಬೇಕಾದಾಗ ಮುಂದೆ ಬಂದವನು ತಕ್ಕಡಿ. ವೃತ್ತಿಯಲ್ಲಿ ಲಿಫ್ಟುಗಳ ತಪಾಸಣಾಧಿಕಾರಿ. ಹಗ್ಗದ ಒಂದೇ ಒಂದು ಎಳೆ ಬಿಟ್ಟುಕೊಂಡಿದ್ದರೂ ಲಿಫ್ಟಿಗೆ ಬೀಗ ಜಡಿಸಿ, ಇಡೀ ಕಟ್ಟಡದ ಜನರನ್ನು ಮೆಟ್ಟಿಲು ಹತ್ತಿಸುವವನು. ಅವನು ಚಿಪ್ಪಿನ ನಿಯಮವನ್ನೂ ಹಾಗೆಯೇ ಬೆರಳಾಡಿಸಿ ನೋಡಿದ.

"ಆಮೆಯವರೇ, ಇಲ್ಲೊಂದು ಸಂದು ಇದೆ. ಯಾಕೆ ಸುಮ್ಮನಿದ್ದೀರಿ ಅಂತ ಕೇಳೋ ಹಾಗಿಲ್ಲ, ಸರಿ. ಆದ್ರೆ 'ಆರಾಮಾ' ಅಂತ ಕೇಳಬಹುದು. ಅದೂ ಇದೇ ಪ್ರಶ್ನೆ, ಬಟ್ಟೆ ಬದಲಾಯಿಸಿಕೊಂಡಿದೆ ಅಷ್ಟೇ."

"ಹೌದಲ್ಲ. ಮುಚ್ಚಿಬಿಡಿ."

"ಕೈಬೀಸೋ ಚಿತ್ರ ಕಳಿಸಿದ್ರೆ?"

"ಅದನ್ನೂ ಮುಚ್ಚಿ."

"ಗುಂಪಲ್ಲಿ ಕೇಳದೆ ಖಾಸಗಿಯಾಗಿ ಕೇಳಿದ್ರೆ? ಈಗಿನ ಮೌನ ಬಿಟ್ಟು ಹಿಂದೆ ಯಾವಾಗಲೋ ಇದ್ದ ಮೌನದ ಬಗ್ಗೆ ಕೇಳಿದ್ರೆ?"

"ಎಲ್ಲಾ ಮುಚ್ಚಿ ತಕ್ಕಡಿಯವರೇ."

ಮುಚ್ಚಿದ. ಕೇಳಿದವರನ್ನು ಗುಂಪಿನಿಂದ ತೆಗೆಯುವುದು, ಆದರೆ ಧನ್ಯವಾದ ಹೇಳಿ ತೆಗೆಯುವುದು ಎಂದಾಯಿತು. ಯಾರಾದರೂ ಮೌನದಲ್ಲಿರುವಾಗ ಮೌನದ ನಿಯಮ ಬದಲಿಸಿದರೆ ಅವರಿಗೆ ಗಾಬರಿಯಾದೀತೆಂದು ಅದಕ್ಕೂ ಅಡ್ಡಗಟ್ಟೆ ಹಾಕಿದರು. ಕೊನೆಯ ಸಾಲನ್ನು ತಂಗಿಯೇ ಬರೆದಳು: ಸ್ಥಾಪಕರಿಗೂ ವಿನಾಯಿತಿ ಇಲ್ಲ. ಬರೆದಾಗ ಅವಳಿಗೆ ಪದ್ಯದ ಕೊನೆಯ ಪಾದ ತಾನಾಗಿ ಬಂದು ಕೂತಂಥ ಸಮಾಧಾನ.

ಈ ಅಚ್ಚುಕಟ್ಟಿಗೆ ಒಗ್ಗದೆ ಇದ್ದವನು ಬುಗುರಿ ಒಬ್ಬನೇ. ಅವನು ಹಲ್ಲಿನ ಡಾಕ್ಟರು. ಗಮನ ಒಂದು ಕಡೆ ನಿಲ್ಲದೆ ಗಿರಗಿರ ತಿರುಗುವ ಜಾತಿ. ಬೆಳಿಗ್ಗೆ ನಕ್ಷತ್ರದ ವಿಷಯಕ್ಕೆ ದವಡೆಯ ವಿಷಯ ತಂದು ಗಂಟು ಹಾಕುತ್ತಿದ್ದ. ಮಧ್ಯಾಹ್ನ ಬೆಕ್ಕಿನ ಫೋಟೋ. ಯಾರಾದರೂ ಎಚ್ಚರಿಕೆ ಕೊಟ್ಟರೆ ಕ್ಷಮೆ ಕೇಳಲು ಇನ್ನೂ ಉದ್ದದ ಮೆಸೇಜು. "ತಪ್ಪು ತಿಳ್ಕೋಬೇಡಿ. ಬಾಯಿ ತೆರೆದು ಮಲಗಿದವರ ಹತ್ರ ಮಾತಾಡಿ ಅಭ್ಯಾಸ. 'ಮನೇಲೆಲ್ಲ ಹೇಗಿದ್ದಾರೆ' ಅಂತ ಕೇಳ್ತೀನಿ, ಅವರು 'ಆಆ' ಅಂತಾರೆ. ಅದು ಚೆನ್ನಾಗಿದ್ದಾರೆ ಅನ್ನೋ 'ಆಆ'ನೋ, ಇಲ್ಲ ಅನ್ನೋ 'ಆಆ'ನೋ ನಂಗೆ ಗೊತ್ತಾಗುತ್ತೆ." ಇಂಥವನನ್ನು ಗುಂಪಿನಲ್ಲಿ ಇಟ್ಟುಕೊಂಡಿರುವುದೇ ತಮ್ಮ ದೊಡ್ಡಗುಣ ಎಂದು ಚಿಪ್ಪಿನವರು ಭಾವಿಸಿದ್ದರು. ತಂಗಿಯೂ ಭಾವಿಸಿದ್ದಳು.

ಹೀಗಿರಲು ಆಸ್ಪತ್ರೆಯಲ್ಲಿ ಸಿಬ್ಬಂದಿಗೆ ಸಾಮರಸ್ಯದ ತರಬೇತಿ ಏರ್ಪಾಡಾಯಿತು. ತರಬೇತುದಾರ ಬಣ್ಣದ ಚೆಂಡು ತಂದಿದ್ದ. ಚೆಂಡು ಯಾರ ಕೈಗೆ ಬಂದರೆ ಅವರು ತಮ್ಮ ಬಗ್ಗೆ ಒಂದು ಒಳ್ಳೆಯ ಮಾತು ಜೋರಾಗಿ ಕೂಗಿ ಮುಂದಿನವರಿಗೆ ಎಸೆಯಬೇಕು. ಎಕ್ಸ್‌ರೇಯವರು "ನಾನು ಧೈರ್ಯವಂತ" ಎಂದು ಕೂಗಿದರು. ಔಷಧಿ ಕೊಡುವ ಹುಡುಗಿ "ನಾನು ಬಿಸಿಲು" ಎಂದಳು. ಚೆಂಡು ತಂಗಿಯ ಕೈಗೆ ಬಂತು. ಅವಳು ಯೋಚಿಸಿದಳು. ಒಳ್ಳೆಯದೇನೂ ಸಿಗಲಿಲ್ಲವೆಂದಲ್ಲ, ಸಿಕ್ಕಿದ್ದರಲ್ಲಿ ಯಾವುದು ಪೂರ್ತಿ ನಿಜ ಎಂದು ತೂಗಿ ನೋಡುತ್ತಿದ್ದಳು. ತರಬೇತುದಾರ ನಗುತ್ತ ಹತ್ತಿರ ಬಂದು, "ಯಾಕೆ ಸುಮ್ಮನಿದ್ದೀರಿ ಮೇಡಂ? ಎಲ್ಲರೂ ಚಪ್ಪಾಳೆ ತಟ್ಟಿ, ಮೇಡಂ ಮಾತಾಡ್ತಾರೆ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ತಾಳ ಹಾಕಿ ತಟ್ಟಿದರು. ತಾಳ ಏರಿತು. ಅವಳು ಚೆಂಡನ್ನು ಮೆಲ್ಲಗೆ ನೆಲದ ಮೇಲಿಟ್ಟು, ಬಾಗಿಲು ತೆರೆದು, ಮನೆಗೆ ಬಂದುಬಿಟ್ಟಳು.

ಬಂದವಳಿಗೆ ಮಾತು ಬರಲಿಲ್ಲ.

ಗಂಟಲಿಗೆ ಏನೂ ಆಗಿರಲಿಲ್ಲ. ಮಾತುಗಳೆಲ್ಲ ಇದ್ದವು, ಸಾಲಾಗಿ ನಿಂತಿದ್ದವು. ಮೊದಲನೆಯದು ಹೊಸ್ತಿಲು ದಾಟಲು ಒಪ್ಪುತ್ತಿರಲಿಲ್ಲ. ಹಿಂದೆಯೂ ಎರಡು ಮೂರು ಸಲ ಹೀಗಾಗಿತ್ತು. ಇದರ ಗುಣ ಅವಳಿಗೆ ಗೊತ್ತು: ತಾನಾಗಿ ಶುರುಮಾಡಲು ಆಗದು, ಆದರೆ ಯಾರಾದರೂ ಕೇಳಿ, ಕೇಳಿದ ಮೇಲೆ ಸುಮ್ಮನೆ ಕಾದರೆ, ಆ ಪ್ರಶ್ನೆಯ ಕೈಹಿಡಿದು ಮೊದಲ ಮಾತು ಹೊರಗೆ ಬರುತ್ತದೆ. ಬರೆಯುವುದಕ್ಕೂ ಅದೇ ಕಟ್ಟು. ಅವಳು ಫೋನಿನಲ್ಲೇ ಗುಂಡಿ ಒತ್ತಿ ರಜೆ ಹಾಕಿ, ಪರದೆ ಎಳೆದು, ಮಂಚದ ಮೇಲೆ ಮಲಗಿ ಚಿಪ್ಪನ್ನು ತೆರೆದಳು. ಇಷ್ಟು ಜನರಿದ್ದಾರೆ. ಎಲ್ಲ ಅರಿತವರು, ಎಲ್ಲ ತನ್ನಂಥವರು. ಒಬ್ಬರು ಕೇಳಿದರೆ ಸಾಕು.

ಒಬ್ಬರೂ ಕೇಳಲಿಲ್ಲ.

ಮೊದಮೊದಲು ಅವಳು ಅದನ್ನು ತಾಯಿಯ ಹೆಮ್ಮೆಯಿಂದ ನೋಡಿದಳು. ಎಷ್ಟು ಚೆನ್ನಾಗಿ ಪಾಲಿಸುತ್ತಿದ್ದಾರೆ. ಆಮೇಲೆ ಹೆಮ್ಮೆ ಸ್ವಲ್ಪ ತಣ್ಣಗಾಯಿತು. ದಿನದಿನವೂ ಮುಂಜಾನೆ ಶುಭೋದಯ ಹೇಳುತ್ತಿದ್ದವಳು ಹೇಳುತ್ತಿಲ್ಲ, ಯಾರ ಪ್ರಶ್ನೆಗೂ ಉತ್ತರಿಸುತ್ತಿಲ್ಲ. ಗಮನಿಸಿಯಾದರೂ ಇದ್ದಾರೋ ಇಲ್ಲವೋ? ಗಮನಿಸಿದ್ದರು. ಪತ್ರಿಕೆಯಲ್ಲಿ ಕರಡು ತಿದ್ದುವ ನಿಘಂಟು ಎಂಬಾಕೆ ಒಂದು ಬೆಳಿಗ್ಗೆ ಬರೆದರು:

"ನಮ್ಮ ಆಮೆಯವರು ಕೆಲ ಕಾಲದಿಂದ ಮೌನದಲ್ಲಿದ್ದಾರೆ. ನಾವು ಕೇಳುವುದಿಲ್ಲ. ಕೇಳದಿರುವುದೇ ನಮ್ಮ ನಮಸ್ಕಾರ. ಮೌನ ಹೇಗಿರಬೇಕೆಂದು ಅವರು ಇದ್ದು ತೋರಿಸುತ್ತಿದ್ದಾರೆ."

ಹೀಗೆ ಹೇಳುವುದು ನಿಯಮಕ್ಕೆ ವಿರುದ್ಧವೇ ಎಂದು ಚರ್ಚೆಯಾಯಿತು. ವಾಕ್ಯದ ಕೊನೆಯಲ್ಲಿ ಪ್ರಶ್ನೆ ಇಲ್ಲದ್ದರಿಂದ ಅಡ್ಡಿಯಿಲ್ಲವೆಂದು ತಕ್ಕಡಿ ತೀರ್ಪು ಕೊಟ್ಟ. ಅದರ ಬೆನ್ನಿಗೇ ಮೆಚ್ಚುಗೆಯ ಮಳೆ. ಒಬ್ಬರು ಆಮೆಯ ಚಿತ್ರ ಬಿಡಿಸಿ ಹಾಕಿದರು. ತಲೆ ಕಾಲು ಯಾವುದೂ ಕಾಣದ ಆಮೆ. ಇನ್ನೊಬ್ಬರು ಪದ್ಯ ಬರೆದರು. ತಂಗಿ ಮಂಚದ ಮೇಲೆ ಕೂತು ಅದನ್ನು ಓದಿದಳು. ಛಂದಸ್ಸು ಸರಿಯಾಗಿತ್ತು. ತೀರಿಕೊಂಡವರ ಬಗ್ಗೆ ಬರೆದಂತೆಯೂ ಇತ್ತು.

ಕೆಳಗಿನಿಂದ ಹತ್ತಿ ಬಂದು ಅಕ್ಕ ಮಾತ್ರ ದಿನಕ್ಕೆ ಎಷ್ಟು ಸಲ ಬೇಕಾದರೂ ಕೇಳುತ್ತಿದ್ದಳು. ಬಾಗಿಲ ಹೊರಗೆ ತಟ್ಟೆ ಇಟ್ಟು:

"ಏನೇ ಪುಟ್ಟಿ, ಜ್ವರಾನಾ? ಜ್ವರ ಅಲ್ಲ ಬಿಡು, ಜ್ವರ ಬಂದ್ರೆ ನೀನು ಕೆಮ್ತೀಯ. ಯಾರಾದ್ರೂ ಏನಾದ್ರೂ ಅಂದ್ರಾ? ಅಂದಿರ್ತಾರೆ. ಯಾರು, ಆ ಎಕ್ಸ್‌ರೇಯವನಾ? ಅವನೇ ಇರಬೇಕು, ಅವನ ಮೀಸೆ ನೋಡಿದಾಗಲೇ ಅಂದ್ಕೊಂಡೆ. ಬಾಗಿಲು ತೆಗೀತೀಯಾ? ತೆಗಿಯಲ್ಲ. ಆಯ್ತು, ತಟ್ಟೆ ಇಲ್ಲಿದೆ, ತಣ್ಣಗಾದ್ರೆ ನನ್ನ ಕೇಳಬೇಡ."

ತಂಗಿಯ ಮೊದಲ ಮಾತು ಪ್ರತಿಸಲವೂ ಎದ್ದು ನಿಲ್ಲುತ್ತಿತ್ತು. ಅದು ಬಾಗಿಲವರೆಗೆ ಬರುವಷ್ಟರಲ್ಲಿ ಅಕ್ಕ ಮುಂದಿನ ಪ್ರಶ್ನೆಗೆ ಹೋಗಿ, ಅದಕ್ಕೂ ಉತ್ತರಿಸಿ, ಮೆಟ್ಟಿಲಿಳಿಯುತ್ತಿದ್ದಳು. ಕೆಳಗೆ ಕೇಳುವವರು ಕಾಯುವುದಿಲ್ಲ. ಚಿಪ್ಪಿನಲ್ಲಿ ಕಾಯುವವರು ಕೇಳುವುದಿಲ್ಲ. ನಡುವಿನ ಕೋಣೆಯಲ್ಲಿ ಅವಳು, ಹೆಡ್‌ಫೋನು ಹಾಕಿಕೊಂಡ ರೋಗಿಯ ಹಾಗೆ, ಬಾರದ ಸ್ವರಕ್ಕಾಗಿ ಬಟನ್ನು ಹಿಡಿದು ಕೂತಿದ್ದಳು. ರಜೆ ಮುಗಿಯುತ್ತ ಬಂದಿತ್ತು. ಈ ಗಂಟು ಬಿಚ್ಚದೆ ಅವಳು ಗಾಜಿನ ಈಚೆ ಕೂತು "ಈಗ ಬಲಕಿವಿ" ಎಂದು ಹೇಳುವಂತಿರಲಿಲ್ಲ. ಹೇಳಲಾಗದವಳಿಗೆ ಅಲ್ಲಿ ಕೆಲಸವೂ ಇರಲಿಲ್ಲ.

ಆ ದಿನ ಮಧ್ಯಾಹ್ನ, ಚಿಪ್ಪಿನಲ್ಲಿ ಧೂಮಕೇತುಗಳ ಬಗ್ಗೆ ಗಂಭೀರವಾದ ಮಾತು ನಡೆಯುತ್ತಿರುವಾಗ, ನಡುವೆ ಬುಗುರಿ ಬಂದು ಬಿದ್ದ:

"ಆಮೆಯವರೇ, ಇದ್ದೀರಾ? ಆರಾಮ ಇಲ್ವಾ?"

ಬೆಕ್ಕಿನ ಫೋಟೋ ಇಲ್ಲ, ಕ್ಷಮೆಯಿಲ್ಲ, ಬೇರೇನೂ ಇಲ್ಲ. ಕೇಳಿ ನಿಲ್ಲಿಸಿದ್ದ. ಅವನ ಜೀವನದಲ್ಲೇ ಅಷ್ಟು ಚಿಕ್ಕ ಮೆಸೇಜು ಅದೊಂದೇ ಇರಬೇಕು.

ತಂಗಿ ಎದ್ದು ಕೂತಳು. ಮೊದಲ ಮಾತು ಹೊಸ್ತಿಲಿಗೆ ಬಂತು. ಬೆರಳು ಫೋನಿನ ಪರದೆಯ ಮೇಲಿಟ್ಟಳು. 'ಇಲ್ಲ' ಎಂದು ಬರೆಯಬೇಕು, ಅಷ್ಟೇ. 'ಇ' ಬಂತು. ಅಷ್ಟರಲ್ಲಿ ಮೇಲಿದ್ದ ಪ್ರಶ್ನೆ ಮಾಯವಾಯಿತು. ಅದಿದ್ದ ಜಾಗದಲ್ಲಿ ತಕ್ಕಡಿಯ ಬರಹ:

"ಬುಗುರಿಯವರು ನಿಯಮ ಮೀರಿದ್ದರಿಂದ ಅವರನ್ನು ಧನ್ಯವಾದಗಳೊಂದಿಗೆ ತೆಗೆಯಲಾಗಿದೆ. ಆಮೆಯವರ ಮೌನಕ್ಕೆ ಆದ ಅಡಚಣೆಗಾಗಿ ಎಲ್ಲರ ಪರವಾಗಿ ಕ್ಷಮೆ ಕೋರುತ್ತೇನೆ. ಧೂಮಕೇತುಗಳ ಚರ್ಚೆ ಮುಂದುವರಿಯಲಿ."

ಮುಂದುವರಿಯಿತು.

ಪ್ರಶ್ನೆ ಹೋದರೂ ಅದು ಹಿಡಿದೆಳೆದಿದ್ದ ಮಾತು ಮಾತ್ರ ಹಿಂದಕ್ಕೆ ಹೋಗಲಿಲ್ಲ. ತಂಗಿ ಬರೆದಿದ್ದ 'ಇ'ಯನ್ನು ಒತ್ತಿ ಒತ್ತಿ ಅಳಿಸಿದಳು. ಅದು ಕೋಪ ಎಂದು ಗೊತ್ತಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವಳು ತಕ್ಕಡಿಗೆ ಖಾಸಗಿಯಾಗಿ ಬರೆದಳು:

"ಬುಗುರಿಯವರನ್ನ ವಾಪಸ್ ಸೇರಿಸಿ."

ಉತ್ತರ ಕೂಡಲೇ ಬಂತು. "ನಮಸ್ಕಾರ ಆಮೆಯವರೇ. ನಿಮ್ಮ ಮೌನ ಮುಗಿದಿದೆ ಅಂತ ಬರ್ಕೋತೀನಿ. ಇದು ಪ್ರಶ್ನೆ ಅಲ್ಲ."

"ಅವರು ತಪ್ಪೇನೂ ಮಾಡಿಲ್ಲ."

"ಕೇಳಿದ್ರು."

"ಯಾರಾದ್ರೂ ಕೇಳಲಿ ಅಂತಾನೇ ನಾನು ಕಾಯ್ತಿದ್ದೆ."

ಈ ಸಲ ಸ್ವಲ್ಪ ತಡವಾಯಿತು. "ಅದು ನಮಗೆ ಹೇಗೆ ಗೊತ್ತಾಗಬೇಕಿತ್ತು? ಕೇಳೋ ಹಾಗಿರಲಿಲ್ಲ."

ತಂಗಿ ನಿಯಮಗಳ ಪಟ್ಟಿ ತೆರೆದು ನೋಡಿದಳು. ತಾನೇ ಕಟ್ಟಿಸಿದ ಗೋಡೆ. ಒಂದು ಸಂದೂ ಇಲ್ಲದಂತೆ ಮುಚ್ಚಿಸಿದವಳೂ ತಾನೇ.

"ನಿಯಮ ಬದಲಾಯಿಸೋಣ," ಎಂದು ಬರೆದಳು.

"ಖಂಡಿತ. ಆದ್ರೆ ಯಾರಾದ್ರೂ ಮೌನದಲ್ಲಿ ಇರೋವಾಗ ಆಗಲ್ಲ. ಈಗ ಗುಂಪಿನ ಅರ್ಧಕ್ಕೂ ಹೆಚ್ಚು ಜನ ಮೌನದಲ್ಲಿದ್ದಾರೆ."

"ಅಷ್ಟೊಂದು ಜನಾನಾ?"

"ನಿಯಮ ಅಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ. ಹೋದ ಚಳಿಗಾಲದಲ್ಲಿ ನಾನೂ ಬಹಳ ದಿನ ಸುಮ್ಮನಿದ್ದೆ. ಒಬ್ಬರೂ ಕೇಳಲಿಲ್ಲ. ಎಷ್ಟು ಶಿಸ್ತಿನ ಜನ ಅಂತ ಹೆಮ್ಮೆ ಆಯ್ತು. ಒಂಚೂರು ಅಳುನೂ ಬಂತು. ಅದು ಬೇರೆ ವಿಷಯ."

ತಂಗಿ ಆ ಸಾಲನ್ನು ಮತ್ತೆ ಓದಿದಳು. ಹೋದ ಚಳಿಗಾಲ. ತಕ್ಕಡಿ ಕಾಣಿಸುತ್ತಿಲ್ಲವಲ್ಲ ಎಂದು ಆಗ ಅವಳಿಗೆ ಅನ್ನಿಸಿದ್ದು ನಿಜ. ಕೇಳದೆ ಬಿಟ್ಟು, ಕೇಳದ ತನ್ನ ಸೌಜನ್ಯಕ್ಕೆ ತಾನೇ ತಲೆದೂಗಿದ್ದೂ ನಿಜ. ಹೆಡ್‌ಫೋನು ಹಾಕಿಕೊಂಡು ಕೂತವಳು ತಾನೊಬ್ಬಳೇ ಅಲ್ಲ. ಚಿಪ್ಪಿನ ತುಂಬ ಅಂಥವರೇ, ಪ್ರತಿಯೊಬ್ಬರ ಕೈಯಲ್ಲೂ ಬಟನ್ನು. ಗಾಜಿನ ಈಚೆ ಕೂತು ಸ್ವರ ಬಿಡಬೇಕಾದ ಕುರ್ಚಿ ಮಾತ್ರ ಖಾಲಿ.

ಅವಳು ಬರೆದಳು: "ಆಗ ಯಾಕೆ ಸುಮ್ಮನಿದ್ರಿ?"

ಕಳಿಸಿದ ಮೇಲೆ ಏನು ಮಾಡಿದೆನೆಂದು ತಿಳಿಯಿತು. ಅಳಿಸಲು ಹೋಗಲಿಲ್ಲ.

ತಕ್ಕಡಿ ಬರೆಯುತ್ತಿರುವ ಗುರುತು ಪರದೆಯ ಮೇಲೆ ಮೂಡಿತು, ಅಳಿಯಿತು, ಮತ್ತೆ ಮೂಡಿತು. ಬೇರೆ ಯಾರಾದರೂ ಆಗಿದ್ದರೆ "ಬೇಡ ಅಂದ್ರೆ ಬೇಡ, ಪರವಾಗಿಲ್ಲ" ಎಂದು ಒಂದು ಸಾಲು ತುರುಕಿಬಿಡುತ್ತಿದ್ದರು. ತಂಗಿ ತುರುಕಲಿಲ್ಲ. ಕಾಯುವುದು ಅವಳ ಕಸುಬು. ಕೆಳಗೆ ಪಾರ್ಲರಿನಲ್ಲಿ ಡ್ರೈಯರು ಹೂಂಕರಿಸಿ ನಿಂತಿತು. ಬೀದಿಯಲ್ಲಿ ಯಾರೋ ಶಟರು ಎಳೆದರು. ಕೊನೆಗೆ ಬಂತು:

"ಅಪ್ಪ ತೀರಿಕೊಂಡ್ರು. ದಿನಾ ಸಂಜೆ ನಾವಿಬ್ಬರೂ ಮನೆ ಹಿಂದಿನ ಬೆಂಚಿನ ಮೇಲೆ ಕೂರ್ತಿದ್ವಿ. ಮಾತಾಡ್ತಿರಲಿಲ್ಲ. ಅವರು ಹೋದ ಮೇಲೆ ಒಬ್ಬನೇ ಹೋಗಿ ಕೂತೆ. ಸುಮ್ಮನಿರೋಕೆ ಆಗಲಿಲ್ಲ. ಸುಮ್ಮನಿರೋದು ಇಬ್ಬರು ಮಾಡೋ ಕೆಲಸ ಅಂತ ಅಲ್ಲಿವರೆಗೆ ನಂಗೆ ಗೊತ್ತಿರಲಿಲ್ಲ."

ತಂಗಿ ಬರೆದಳು: "ಹೂಂ."

ಅವನು ಮುಂದುವರಿಸಿದ. ಅಪ್ಪನ ಕನ್ನಡಕ ಇನ್ನೂ ಕಿಟಕಿಯ ಮೇಲೆಯೇ ಇದೆಯೆಂದ. ಆ ದಿನಗಳಲ್ಲಿ ತಪಾಸಣೆಗೆ ಹೋದ ಲಿಫ್ಟಿನೊಳಗೆ ನಿಂತು ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಅತ್ತು ಬರುತ್ತಿದ್ದೆನೆಂದ; ಅದಕ್ಕೇ ಆ ಚಳಿಗಾಲದಲ್ಲಿ ತಪಾಸಣೆ ತುಂಬ ಕಟ್ಟುನಿಟ್ಟಾಗಿ ನಡೆಯಿತೆಂದು ಮೇಲಧಿಕಾರಿ ಹೊಗಳಿದರಂತೆ. ಒಂದೊಂದು ಕಂತು ಮುಗಿದಾಗಲೂ ನಿಲ್ಲುತ್ತಿದ್ದ. ತಂಗಿ 'ಹೂಂ' ಎಂದ ಮೇಲೆ ಮುಂದಕ್ಕೆ ಹೋಗುತ್ತಿದ್ದ, ಅಜ್ಜಿಯಿಂದಲೇ ಕಲಿತವನ ಹಾಗೆ.

"ಇಷ್ಟೇ," ಎಂದು ಕೊನೆಗೆ ಬರೆದ. "ಎದೆ ಹಗುರ ಆಯ್ತು. ಈಗ ಒಂದು ಬೇಜಾರಿನ ಕೆಲಸ ಇದೆ."

"ಗೊತ್ತು."

"ಖಾಸಗಿಯಾಗಿ ಕೇಳಿದ್ರೂ, ಹಳೇ ಮೌನ ಆದ್ರೂ ಅನ್ವಯ ಆಗುತ್ತೆ. ಸ್ಥಾಪಕರಿಗೂ ವಿನಾಯಿತಿ ಇಲ್ಲ ಅನ್ನೋ ಸಾಲು ನಿಮ್ಮದೇ."

"ಚೆನ್ನಾಗಿ ಬಂದಿದೆ ಆ ಸಾಲು. ಮಾಡಿ."

"ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಆಮೆಯವರೇ. ಯಾರೂ ಕೇಳಿರಲಿಲ್ಲ."

ಮರುಕ್ಷಣ ಚಿಪ್ಪು ಮುಚ್ಚಿಕೊಂಡಿತು. ನೀವು ಈಗ ಈ ಗುಂಪಿನ ಸದಸ್ಯರಲ್ಲ ಎಂದು ಫೋನು ತಿಳಿಸಿತು. ಧನ್ಯವಾದಗಳೊಂದಿಗೆ.

ತಂಗಿ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಎಷ್ಟೋ ದಿನದಿಂದ ಸದ್ದೇ ಇಲ್ಲದ ಆ ಕೋಣೆಯಿಂದ ನಗು ಕೇಳಿ ಕೆಳಗೆ ಏನೋ ಬಿದ್ದ ಶಬ್ದವಾಯಿತು. ಮೆಟ್ಟಿಲು ದಡದಡ ಎಂದಿತು. ಚಿಲಕವೇ ಹಾಕಿರದ ಬಾಗಿಲನ್ನು ತಳ್ಳಿಕೊಂಡು ಅಕ್ಕ ಒಳಗೆ ಬಂದಳು. ಕೈಯಲ್ಲಿ ಬಾಚಣಿಗೆ, ತುಟಿಗಳ ನಡುವೆ ಒಂದು ಸಾಲು ಹೇರ್‌ಪಿನ್ನು. ಯಾರದೋ ಅರ್ಧ ಮುಡಿಯನ್ನು ಕುರ್ಚಿಯಲ್ಲಿ ಹಾಗೇ ಬಿಟ್ಟು ಬಂದಿದ್ದಳು. ಕಣ್ಣು ಅಷ್ಟಗಲ ಮಾಡಿ ತಂಗಿಯನ್ನು ನೋಡಿದಳು. ಕೇಳಬೇಕಾದದ್ದು ನೂರಿತ್ತು. ಬಾಯಿ ತೆರೆದರೆ ಪಿನ್ನು ಉದುರುತ್ತದೆ.

"ಹ್ಞೂಂ?" ಎಂದಳು.

ಎಂದು, ನಿಂತಳು. ಬೇರೆ ದಾರಿ ಇರಲಿಲ್ಲ.

ಆ 'ಹ್ಞೂಂ' ಹಿಡಿದುಕೊಂಡು ತಂಗಿಯ ಮಾತು ಹೊಸ್ತಿಲು ದಾಟಿತು. ಚೆಂಡು, ಚಪ್ಪಾಳೆ, ನೆಲಕ್ಕಿಟ್ಟು ಬಂದದ್ದು, ಚಿಪ್ಪಿನವರ ನಮಸ್ಕಾರ, ಹಲ್ಲಿನ ಡಾಕ್ಟರು, ಲಿಫ್ಟಿನವನ ಅಪ್ಪ, ಎಲ್ಲ ಹೇಳಿದಳು. ನಡುವೆ ತಡವರಿಸಿದಾಗಲೆಲ್ಲ ಅಕ್ಕ "ಹ್ಞೂಂ" ಎನ್ನುತ್ತಿದ್ದಳು. ಒಮ್ಮೆ ಕೋಪದ 'ಹ್ಞೂಂ', ಒಮ್ಮೆ ಅಯ್ಯೋ ಎನ್ನುವ 'ಹ್ಞೂಂ'. ಕೆಳಗಿನಿಂದ ಗಿರಾಕಿ ಎರಡು ಸಲ ಕರೆದಳು. ಅಕ್ಕ ಬಾಚಣಿಗೆಯಿಂದ ನೆಲಕ್ಕೆ ಟಕ್ ಎಂದು ಹೊಡೆದು ಸುಮ್ಮನಿರುವಂತೆ ಸೂಚಿಸಿದಳು. ಎಲ್ಲ ಮುಗಿದ ಮೇಲೆ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಬಾಚಣಿಗೆಗೆ ಸಿಕ್ಕಿಸಿದಳು.

"ಅಂದ್ರೆ ನೀನೇ ಕಟ್ಟಿದ ಗುಂಪಿಂದ ನಿನ್ನನ್ನೇ ಆಚೆ ಹಾಕಿದ್ರು."

"ಹೂಂ."

"ನಿನ್ನ ರೂಲ್ಸೇ ತೋರಿಸಿ."

"ಹೂಂ ಅಕ್ಕ."

"ನೀವು ಬುದ್ಧಿವಂತರು ಕಣೇ. ನಮ್ಮಂಥೋರ ಕೈಲಿ ಇದೆಲ್ಲ ಆಗಲ್ಲ." ಅಕ್ಕ ಬಾಗಿಲವರೆಗೆ ಹೋಗಿ ತಿರುಗಿದಳು. "ಆ ಹಲ್ಲಿನ ಡಾಕ್ಟ್ರು ಪಾಪ ಕೇಳಿದ್ರಲ್ಲ, ಅವರಿಗೆ ಏನು ಹೇಳಿದೆ? ಏನೂ ಹೇಳಿರಲ್ಲ ನೀನು. ಅವರು ಏನು ಅಂದ್ಕೊಂಡಿರ್ತಾರೆ, ಏನೋ ಆಗಿದೆ ಅಂತ..."

ಅಲ್ಲಿಗೆ ಅಕ್ಕನಿಗೆ ಏನನ್ನಿಸಿತೋ, ಮಾತನ್ನು ಅರ್ಧಕ್ಕೇ ನುಂಗಿದಳು. ಒಂದು ಪಿನ್ನನ್ನು ಬಾಚಣಿಗೆಯಿಂದ ಕಿತ್ತು ಮತ್ತೆ ತುಟಿಗಿಟ್ಟುಕೊಂಡು ಕಾದಳು.

"ಈಗ ಹೇಳ್ತೀನಿ," ಎಂದಳು ತಂಗಿ.

ಅಕ್ಕ ಇಳಿದುಹೋದಳು. ಬುಗುರಿಯ ಹೆಸರು ಹುಡುಕಿ ತಂಗಿ ಬರೆದಳು: "ಇಲ್ಲ, ಆರಾಮ ಇರಲಿಲ್ಲ. ಹೇಗೆ ಗೊತ್ತಾಯ್ತು?"

"ಗೊತ್ತೇನೂ ಆಗಲಿಲ್ಲ," ಎಂದು ಬುಗುರಿ ಬರೆದ. "ಏನೋ ಕೇಳಿಸಿದ ಹಾಗಾಯ್ತು." ಅದರ ಹಿಂದೆಯೇ ಪುಟಗಟ್ಟಲೆ ಮೆಸೇಜು, ಮೂರು ಬೆಕ್ಕು. ತಂಗಿ ಎಲ್ಲವನ್ನೂ ಓದಿದಳು. ಸದ್ದಿಲ್ಲದಾಗ ಬಟನ್ನು ಒತ್ತಿದವರನ್ನೆಲ್ಲ ಇಷ್ಟು ವರ್ಷ ಮೊದಲಿನಿಂದ ಕೂರಿಸಿ ಪರೀಕ್ಷೆ ಮಾಡಿದ್ದು ನೆನಪಾಯಿತು.

ಸಂಜೆ ಅವಳು ನಾಳಿನ ಡ್ಯೂಟಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ ಫೋನು ಮಿನುಗಿತು. ತಕ್ಕಡಿ.

"ನಮಸ್ಕಾರ. ನೀವೂ ಬುಗುರಿಯವರೂ ಆಚೆ ಇದ್ದೀರಿ. ನಾನೂ ಬರೋಣ ಅಂತಿದ್ದೀನಿ. ಆದ್ರೆ ಮೇಲ್ವಿಚಾರಕ ಸುಮ್ಮನೆ ಬಿಟ್ಟು ಹೋಗೋ ಹಾಗಿಲ್ಲ, ನನ್ನನ್ನೇ ನಾನು ತೆಗೆದುಹಾಕೋಕೆ ಕಾರಣ ಬೇಕು. ಅದಕ್ಕೆ ನಿಮ್ಮಿಂದ ಒಂದು ಉಪಕಾರ ಆಗಬೇಕು. ದಯವಿಟ್ಟು ಸ್ವಲ್ಪ ಹೊತ್ತು ಸುಮ್ಮನಿರಿ. ನಾನು ಕೇಳ್ತೀನಿ."

ತಂಗಿ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಫೋನನ್ನು ಎದುರಿಗಿಟ್ಟುಕೊಂಡು, ಕುರ್ಚಿಯಲ್ಲಿ ಕೂತು ಸುಮ್ಮನಾದಳು.